ಮರಳಿನ ಮೇಲಣ ಲೆಕ್ಕ

ಒಂದರ ವೇಷವನ್ನು ಮತ್ತೊಂದು ಧರಿಸಿ ತಿರುಗುವ ಗುಣದೋಷಗಳು ಲೋಕದಲ್ಲಿ ಕೆಲವುಂಟು. ಅವಿವೇಕವು ಧೈರ್ಯದ ವೇಷದಲ್ಲಿಯೂ, ಅಂಜಿಕೆಯು ವಿನಯದ ವೇಷದಲ್ಲಿಯೂ ಸಂಚರಿಸುವಂತೆ ಲೋಭವು ಮಿತವ್ಯಯದ ವೇಷದಲ್ಲಿ ಸಂಚರಿಸುತ್ತದೆ. ಮನೆಯಲ್ಲಿರುವವರೆಗೆ ಇವೆರಡನ್ನು ಬೇರ್ಪಡಿಸಿ ತಿಳಿಯುವುದು ಸುಲಭವಲ್ಲ. ಮನೆಯ ವೆಚ್ಚಕ್ಕೆ ರೂಢಿಯ ದಾರಿಯೊಂದು ಸವೆದಿರುತ್ತದೆ. ಹಾಲಿನವನಿಗೆ ಇಷ್ಟು, ಕಿರಾಣಿ ಅಂಗಡಿಗೆ ಇಷ್ಟು ಎಂದು ತಿಂಗಳು ತಿಂಗಳಿಗೂ ಆ ದಾರಿಯಲ್ಲಿಯೇ ನಡೆಯುವವನು ತಾನು ಉದಾರಿಯೋ ಕೃಪಣನೋ ಎಂಬುದನ್ನು ತಾನೇ ಅರಿಯದೆ ಹೋಗಬಹುದು. ದುಬಾರಿಯಾದ ಪರಸ್ಥಳದಲ್ಲಿ, ಹಣದ ಚೀಲವನ್ನು ಬಿಚ್ಚಬೇಕೋ ಬೇಡವೋ ಎಂದು ಹೆಜ್ಜೆಹೆಜ್ಜೆಗೂ ಹೊಸದಾಗಿ ನಿರ್ಣಯಿಸಬೇಕಾದೆಡೆಯಲ್ಲಿ, ಆ ವೇಷವು ಕಳಚಿ ಬೀಳುತ್ತದೆ. ಇಕ್ಕೇರಿಯ ಸೀಮೆಯ ವೃದ್ಧ ದಂಪತಿಗಳಿಗೆ 2024ನೆಯ ಇಸವಿಯ ಮೇ ತಿಂಗಳಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಇಂತಹ ಪರೀಕ್ಷೆಯೊಂದು ಒದಗಿತು. ಅದರ ವೃತ್ತಾಂತವು ಯಾತ್ರೆಗೆ ಹೊರಡುವ ಇತರ ಗೃಹಸ್ಥರಿಗೂ ಪ್ರಯೋಜನಕರವಾಗಬಹುದು.

ಯಜಮಾನರು ಮೂವತ್ತಾರು ವರ್ಷ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಮನೆಯ ಮಗ್ಗುಲಲ್ಲಿಯೇ ಅಡಕೆಯ ತೋಟ, ಅಡಕೆಯ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಮಗಳೂ ಅಳಿಯನೂ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉದ್ಯೋಗದಲ್ಲಿರುವರು. ತಾಯಿತಂದೆಗಳು ಮೂರು ತಿಂಗಳಿಗೆಂದು ಅಲ್ಲಿಗೆ ಹೋಗಿದ್ದಾಗ, ತಮಗೆ ರಜೆ ದೊರೆಯದಿದ್ದರೂ ಅವರಾದರೂ ವೆನಿಸನ್ನು ನೋಡಿಬರಲೆಂದು ಮಗಳು ರೈಲಿನ ಟಿಕೆಟ್ಟುಗಳನ್ನು ತೆಗೆಸಿ, ನಾಲ್ಕು ದಿನದ ವಸತಿಯನ್ನು ಗೊತ್ತುಮಾಡಿ, ಕೈಖರ್ಚಿಗೆಂದು 500 ಯೂರೋಗಳನ್ನು ಲಕೋಟೆಯಲ್ಲಿಟ್ಟು ತಂದೆಯ ಕೈಗೆ ಕೊಟ್ಟಳು. ಕೊಟ್ಟ ಹೆಣ್ಣಿನ ಮನೆಯ ಹಣವನ್ನು ಮುಟ್ಟುವುದೆಂದರೆ ಹಳೆಯ ತಲೆಮಾರಿನವರಿಗೆ ಎಷ್ಟು ಸಂಕೋಚವೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಅದರಲ್ಲಿ 300ನ್ನಾದರೂ ಹಿಂದಕ್ಕೆ ತಂದು ಕೊಡಬೇಕೆಂದು ಯಜಮಾನರು ಲಕೋಟೆಯನ್ನು ಜೇಬಿಗಿಳಿಸುವಾಗಲೇ ಸಂಕಲ್ಪ ಮಾಡಿಕೊಂಡರು. ಸಂಕಲ್ಪದ ಮೂಲವು ಅಭಿಮಾನವೇ ಹೊರತು ದುರಾಸೆಯಲ್ಲ. ಆದುದರಿಂದಲೇ ಅದು ಮುಂದೆ ಎಲ್ಲಿಗೆ ಮುಟ್ಟಿತೆಂಬುದು ವಿಚಾರಯೋಗ್ಯವಾಗಿದೆ.

ವೆನಿಸ್ ನಗರವು ದುಬಾರಿಯಾಗಿರುವುದಕ್ಕೆ ಅದರ ರಚನೆಯೇ ಮೊದಲ ಕಾರಣ. ಹಿನ್ನೀರಿನ ನಡುವೆ 118 ಚಿಕ್ಕ ದ್ವೀಪಗಳು. ಅವನ್ನು ಹೊಲಿದಂತೆ ನಾನೂರಕ್ಕೆ ಮೇಲ್ಪಟ್ಟ ಸೇತುವೆಗಳು. ಬಂಡಿಯಾಗಲಿ ಮೋಟಾರಾಗಲಿ ಓಡಾಡುವ ಬೀದಿಯಿಲ್ಲ. ಹಿಟ್ಟಿನ ಮೂಟೆಯಾದರೂ ದೋಣಿಯಲ್ಲಿ ಬಂದು, ದೋಣಿಯಿಂದ ಕೈಬಂಡಿಗಿಳಿದು, ಸೇತುವೆಯ ಮೆಟ್ಟಿಲುಗಳನ್ನು ಹತ್ತಿ ಇಳಿದು ಅಂಗಡಿಯನ್ನು ಸೇರಬೇಕು. ಎರಡನೆಯ ಕಾರಣ ಜನಸಂದಣಿ. 1951ರಲ್ಲಿ ಆ ಹಳೆಯ ನಗರದ ನಿವಾಸಿಗಳು ಸುಮಾರು 1,75,000 ಮಂದಿ. 2022ರಲ್ಲಿ ಅವರ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ನೋಡಬಂದವರಾದರೋ ವರ್ಷಕ್ಕೆ ಕೋಟಿಗಟ್ಟಲೆ. ಅವರಲ್ಲಿ ಹೆಚ್ಚಿನವರು ಬೆಳಿಗ್ಗೆ ಬಂದು, ತಂದ ಬುತ್ತಿಯನ್ನುಂಡು, ಸಂಜೆಗೆ ಹೊರಟುಹೋಗುವರು. ಅವರ ಕಸವನ್ನು ದೋಣಿಯಲ್ಲಿ ಸಾಗಿಸುವ ವೆಚ್ಚ ಮಾತ್ರ ಊರಿನವರಿಗೆ ಉಳಿಯುವುದು. ಆದಕಾರಣ 2024ನೆಯ ಏಪ್ರಿಲ್ 25ರಿಂದ ಆರಂಭಿಸಿ, ಆ ವರ್ಷದ 29 ದಿನಗಳಲ್ಲಿ, ಹಗಲಿಗೆ ಮಾತ್ರ ಬಂದುಹೋಗುವವರಿಂದ ತಲೆಗೆ 5 ಯೂರೋ ಪ್ರವೇಶಶುಲ್ಕವನ್ನು ಪೌರಸಭೆಯು ಗೊತ್ತುಮಾಡಿತು. 2025ರಲ್ಲಿ ದಿನಗಳು 54 ಆದುವು. ಮುಂಚಿತವಾಗಿ ಗೊತ್ತುಮಾಡಿಕೊಳ್ಳದೆ ಬಂದವರಿಗೆ ಶುಲ್ಕವು 10 ಆಯಿತು. ಪೌರಸಭೆಯ ಎಲ್ಲೆಯೊಳಗೆ ರಾತ್ರಿ ತಂಗುವವರು ವಸತಿಯೊಡನೆಯೇ ತೆರಿಗೆಯನ್ನು ಸಲ್ಲಿಸುವುದರಿಂದ ಅವರಿಗೆ ಈ ಶುಲ್ಕದ ವಿನಾಯಿತಿಯುಂಟು.

ಯಜಮಾನರು ಹೊರಡುವ ಮುನ್ನ ಚಿಕ್ಕದೊಂದು ಪುಸ್ತಕಕ್ಕೆ ಗೆರೆಯೆಳೆದು, ವಾಸ, ಸಂಚಾರ, ಆಹಾರ, ದರ್ಶನ ಎಂದು ನಾಲ್ಕು ಬಾಬುಗಳನ್ನು ಬರೆದುಕೊಂಡರು. ದುಬಾರಿಯಾದ ಊರಿಗೆ ಹೋಗುವವರು ಇಷ್ಟನ್ನು ಮಾಡುವುದು ಒಳ್ಳೆಯದೇ. ಯಾವ ಬಾಬಿನಲ್ಲಿ ಹಣವು ಸೋರುವುದೆಂದು ತಿಳಿದವನಿಗೆ ಸೋರಿಕೆಯನ್ನು ತಡೆಯುವುದು ಸಾಧ್ಯ. ಆದರೆ ಅವರಿಗೆ ಇನ್ನೊಂದು ಅಭ್ಯಾಸವೂ ಇತ್ತು. ಯಾವುದರ ಬೆಲೆ ಕಿವಿಗೆ ಬಿದ್ದರೂ ಅದನ್ನು ತೊಂಬತ್ತರಿಂದ ಗುಣಿಸಿ ರೂಪಾಯಿಯಲ್ಲಿ ಹೇಳಿಬಿಡುವರು. ಆ ನಾಲ್ಕು ದಿನ ಅವರ ಪತ್ನಿಯು ನೋಡಿದ ಪ್ರತಿಯೊಂದು ವಸ್ತುವಿನ ಹಿಂದೆಯೂ ಈ ಗುಣಾಕಾರವು ನೆರಳಿನಂತೆ ಹಿಂಬಾಲಿಸುತ್ತಿತ್ತು.

ವಾಸದ ವಿಷಯದಲ್ಲಿ ಮಗಳು ಜಾಣತನವನ್ನೇ ತೋರಿಸಿದ್ದಳು. ದ್ವೀಪದ ಮೇಲಣ ವಸತಿಗೃಹಗಳನ್ನು ಬಿಟ್ಟು, ಅದೇ ಪೌರಸಭೆಗೆ ಸೇರಿದ, ಆದರೆ ಒಣನೆಲದ ಮೇಲಿರುವ ಮೆಸ್ತ್ರೆ ಎಂಬಲ್ಲಿ ಕೊಠಡಿಯನ್ನು ಹಿಡಿದಿದ್ದಳು. ಅಲ್ಲಿಂದ ರೈಲು ಹತ್ತು ನಿಮಿಷಗಳಲ್ಲಿ, 1846ರಲ್ಲಿ ತೆರೆಯಲ್ಪಟ್ಟ ದೀರ್ಘವಾದ ಸೇತುವೆಯ ಮೇಲೆ ಹಿನ್ನೀರನ್ನು ದಾಟಿ, ಸಾಂತ ಲೂಚಿಯ ನಿಲ್ದಾಣಕ್ಕೆ ತಂದುಬಿಡುತ್ತದೆ. ಬಾಡಿಗೆಯು ಒಂದೂವರೆ ಯೂರೋವಿನಷ್ಟು ಮಾತ್ರ. ನಿಲ್ದಾಣದ ಬಾಗಿಲನ್ನು ದಾಟಿದೊಡನೆ ಎದುರಿಗೆ ರಸ್ತೆಯ ಬದಲು ಮಹಾನಾಲೆಯ ಹಸುರು ನೀರನ್ನು ಕಂಡು ಅಮ್ಮನವರು ಬಾಗಿಲಲ್ಲಿಯೇ ನಿಂತುಬಿಟ್ಟರು. ಆ ನೋಟಕ್ಕೆ ಟಿಕೆಟ್ಟಿಲ್ಲವೆಂದು ಯಜಮಾನರು ಸಂತೋಷಪಟ್ಟರು.

ನೀರಿನ ವಿಷಯದಲ್ಲಿ ಆ ನಗರವೇ ಮಿತವ್ಯಯದ ಪಾಠಶಾಲೆ. ಉಪ್ಪುನೀರಿನ ಮಧ್ಯದಲ್ಲಿ ಕುಳಿತ ಊರಿಗೆ ಸಿಹಿನೀರು ಎಲ್ಲಿಂದ ಬರಬೇಕು? ಕಾಂಪೊ ಎಂದು ಕರೆಯುವ ಅಲ್ಲಿಯ ಅಂಗಳಗಳ ನಡುವೆ ಕೆತ್ತನೆಯ ಕಲ್ಲುಕಟ್ಟೆಯುಳ್ಳ ಬಾವಿಗಳಿವೆ. ನೋಡುವುದಕ್ಕೆ ಬಾವಿ, ವಾಸ್ತವದಲ್ಲಿ ಮಳೆನೀರಿನ ತೊಟ್ಟಿ. ಅಂಗಳದ ಮೇಲೆ ಬಿದ್ದ ಮಳೆಯು ಕಲ್ಲಿನ ರಂಧ್ರಗಳ ಮೂಲಕ ಕೆಳಗಿಳಿದು, ಮರಳಿನಲ್ಲಿ ಸೋಸಿ, ನಡುವಣ ಕೊಳವೆಯಲ್ಲಿ ಸಂಗ್ರಹವಾಗುವಂತೆ ಹಿಂದಿನವರು ಕಟ್ಟಿದ್ದರು. 1884ರಲ್ಲಿ ಒಣನೆಲದಿಂದ ಕೊಳಾಯಿಯ ನೀರು ಬರುವವರೆಗೂ ಊರು ಬದುಕಿದ್ದು ಇವುಗಳಿಂದ. ಈಗ ಬೀದಿಬೀದಿಯಲ್ಲಿ ನೂರಕ್ಕೆ ಮೇಲ್ಪಟ್ಟ ನಲ್ಲಿಗಳಲ್ಲಿ ಕುಡಿಯುವ ನೀರು ಹರಿಯುತ್ತಿರುವುದು. ಅದನ್ನರಿಯದೆ ಅಂಗಡಿಯಲ್ಲಿ ಸೀಸೆಯ ನೀರನ್ನು ಕೊಳ್ಳುವ ಯಾತ್ರಿಕರ ಮುಂದೆ, ಅಮ್ಮನವರು ಮನೆಯಿಂದ ತಂದ ಸ್ಟೀಲಿನ ಸೀಸೆಯನ್ನು ತುಂಬಿಕೊಂಡು ಹೆಮ್ಮೆಯಿಂದ ನಡೆದರು.

ಆಹಾರದಲ್ಲಿಯೂ ತೊಂದರೆಯಾಗಲಿಲ್ಲ. ಬೆಳಗಿನ ಹೊತ್ತು ಮಗಳು ಕಟ್ಟಿಕೊಟ್ಟ ಅವಲಕ್ಕಿ; ಮಧ್ಯಾಹ್ನಕ್ಕೆ ರಿಯಾಲ್ತೊ ಮಾರುಕಟ್ಟೆಯ ಹಣ್ಣು, ಟೊಮೇಟೊ, ರೊಟ್ಟಿ; ಇವುಗಳೊಡನೆ ಊರಿನ ಅಪ್ಪೆಮಿಡಿಯ ಉಪ್ಪಿನಕಾಯಿ. ಸಂತ ಮಾರ್ಕನ ಚೌಕದಲ್ಲಿ ಕುಳಿತು ಬುತ್ತಿಯನ್ನು ಬಿಚ್ಚುವುದು ನಿಷಿದ್ಧ, ಮೀರಿದವರಿಗೆ ದಂಡ. ಆದುದರಿಂದ ಅವರು ನೆಪೋಲಿಯನ್ನನ ಕಾಲದಲ್ಲಿ ನಿರ್ಮಿತವಾದ ಪೂರ್ವಭಾಗದ ಉದ್ಯಾನದಲ್ಲಿ, ಮರದ ನೆರಳಿನ ಬೆಂಚುಗಳ ಮೇಲೆ ಉಂಡರು. ಕಾಫಿಯ ಗುಟ್ಟನ್ನು ಯಜಮಾನರು ಮೊದಲ ದಿನವೇ ಕಂಡುಹಿಡಿದರು. ಇಟಲಿಯವರು ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿಯುವರು. ನಿಂತವರಿಗೆ ಒಂದು ಬೆಲೆ, ಕುಳಿತವರಿಗೆ ಇನ್ನೊಂದು. ಸಂತ ಮಾರ್ಕನ ಚೌಕದಲ್ಲಿ ಕುರ್ಚಿಯ ಮೇಲೆ ಕುಳಿತು, ಹತ್ತಿರದಲ್ಲಿ ವಾದ್ಯಗಾರರಿದ್ದರಂತೂ ಸಂಗೀತದ ಬಾಬ್ತೂ ಸೇರಿ, ಬೆಲೆಯು ಹತ್ತು ಮಡಿಯಾಗುವುದು. ಯಜಮಾನರೂ ಅಮ್ಮನವರೂ ಒಳಗಿನ ಗಲ್ಲಿಯೊಂದರಲ್ಲಿ, ಕೂಲಿಗಳ ಮತ್ತು ಅಂಗಡಿಯವರ ಮಗ್ಗುಲಲ್ಲಿ ನಿಂತು, ಒಂದೂವರೆ ಯೂರೋವಿಗೆ ಒಳ್ಳೆಯ ಕಾಫಿಯನ್ನು ಕುಡಿದರು.

ಗೊಂಡೊಲ ಎಂಬ ಕಪ್ಪು ದೋಣಿಯ ವಿಷಯವನ್ನು ಹೇಳದಿದ್ದರೆ ವೆನಿಸಿನ ಮಾತು ಪೂರ್ಣವಾಗಲಾರದು. ಅದರ ಬಾಡಿಗೆಯನ್ನು ಪೌರಸಭೆಯೇ ಗೊತ್ತುಮಾಡಿದೆ. 2023ನೆಯ ನವೆಂಬರಿನಿಂದ ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೋ, ರಾತ್ರಿಯಲ್ಲಿ 35 ನಿಮಿಷಕ್ಕೆ 110. “ಎಂಟು ಸಾವಿರದ ನೂರು ರೂಪಾಯಿ!” ಎಂದು ಯಜಮಾನರ ಗುಣಾಕಾರವು ಕೂಡಲೆ ಮುಗಿಯಿತು. ಆದರೆ ಸೇತುವೆಗಳು ದೂರವಾಗಿರುವೆಡೆಗಳಲ್ಲಿ ಊರಿನವರು ಮಹಾನಾಲೆಯನ್ನು ದಾಟುವುದಕ್ಕೆ ಇಬ್ಬರು ನಾವಿಕರ ದೋಣಿಯುಂಟು; ಅದಕ್ಕೆ ತ್ರಗೆತ್ತೊ ಎಂದು ಹೆಸರು. ಪರಸ್ಥಳದವರಿಗೆ ತಲೆಗೆ 2 ಯೂರೋ. ಸಾಂತ ಸೋಫಿಯ ಎಂಬ ಕಡವಿನಿಂದ ಮೀನುಪೇಟೆಯ ದಡಕ್ಕೆ ಎರಡು ನಿಮಿಷಗಳ ಪಯಣ. ಊರಿನವರು ಕುಳಿತುಕೊಳ್ಳದೆ ನಿಂತೇ ದಾಟುವರು. ಅಮ್ಮನವರು ಒಂದು ಕೈಯಲ್ಲಿ ಸೀರೆಯ ನೆರಿಗೆಯನ್ನೂ ಇನ್ನೊಂದರಲ್ಲಿ ಪತಿಯ ಭುಜವನ್ನೂ ಹಿಡಿದು, ಶರಾವತಿಯ ಹಿನ್ನೀರಿನ ಲಾಂಚಿಗಿಂತ ಇದು ಹೆಚ್ಚು ಅಲುಗಾಡುತ್ತದೆಂದು ನಗುತ್ತ ನಿಂತೇ ದಾಟಿದರು. ಅಂದಿನ ಸಂಜೆ ಯಜಮಾನರ ಪುಸ್ತಕದಲ್ಲಿ ಸಂಚಾರದ ಬಾಬಿಗೆ ಬಿದ್ದ ಮೊತ್ತವನ್ನು ಕಂಡವರು ಅವರನ್ನು ಹೊಗಳದೆ ಇರುತ್ತಿರಲಿಲ್ಲ.

ಮೀನುಪೇಟೆಯ ಆ ದಡದಲ್ಲಿಯೇ, 1591ರಲ್ಲಿ ಮುಗಿದ ರಿಯಾಲ್ತೊ ಸೇತುವೆಯ ಸಮೀಪದಲ್ಲಿ, ಅಂಗಡಿಯೊಂದರಲ್ಲಿ ಬೆರಳುದ್ದದ ಗಾಜಿನ ಭರಣಿಗಳಲ್ಲಿ ಕರಿಮೆಣಸು ಮಾರಾಟಕ್ಕಿದ್ದಿತು. ಬೆಲೆಯನ್ನು ನೋಡಿ, ಕಿಲೋವಿಗೆ ಪರಿವರ್ತಿಸಿ, ಸಾಗರದ ಪೇಟೆಯ ಧಾರಣೆಗೆ ಹೋಲಿಸಿ ಯಜಮಾನರು ಗಟ್ಟಿಯಾಗಿ ನಕ್ಕುಬಿಟ್ಟರು. ಆ ನಗುವಿನಲ್ಲಿ ಇತಿಹಾಸವೂ ಸ್ವಲ್ಪ ಬೆರೆತಿತ್ತು. ನಮ್ಮ ಪಶ್ಚಿಮ ಕರಾವಳಿಯಿಂದ ಅರಬ್ಬರ ಹಡಗುಗಳಲ್ಲಿ ಹೊರಟ ಮೆಣಸನ್ನು ಅಲೆಕ್ಸಾಂಡ್ರಿಯದಲ್ಲಿ ಕೊಂಡು ಯೂರೋಪಿಗೆಲ್ಲ ಮಾರಿದವರು ಈ ವೆನಿಸಿನವರು; 1498ರಲ್ಲಿ ಪೋರ್ಚುಗೀಸರು ಸಮುದ್ರಮಾರ್ಗದಿಂದ ಕಲ್ಲಿಕೋಟೆಗೆ ಬಂದು ಮುಟ್ಟುವವರೆಗೆ ಆ ವ್ಯಾಪಾರದಲ್ಲಿ ಅವರನ್ನು ಸರಿಗಟ್ಟುವವರಿರಲಿಲ್ಲ. ಇಕ್ಕೇರಿಗೂ ಈ ಊರಿಗೂ ಇನ್ನೊಂದು ನೆಂಟಸ್ತಿಕೆಯುಂಟು. ರೋಮಿನ ಸರದಾರನಾದ ಪಿಯೆತ್ರೊ ದೆಲ್ಲ ವಾಲ್ಲೆ ಎಂಬಾತನು 1614ರಲ್ಲಿ ವೆನಿಸಿನಿಂದ ಹಡಗನ್ನೇರಿ, ತುರ್ಕಿ ಪಾರಸೀಕಗಳನ್ನು ಸುತ್ತಿ, 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯೊಡನೆ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೆ ಬಂದು, ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟನು. ಆತನು ಹೊರಟ ನೀರನ್ನು ನೋಡುತ್ತ, ಆತನು ಬಂದು ತಲಪಿದ ಊರಿನವರು ಈಗ ನಿಂತಿದ್ದರು.

ಮೊದಲ ದಿನವು ಹೀಗೆ ಜಯದಲ್ಲಿಯೇ ಕಳೆಯಿತು. ಆದರೆ ಜಯದ ಲೆಕ್ಕದಲ್ಲಿ ಬರೆಯದೆ ಬಿಟ್ಟ ಒಂದು ಬಾಬ್ತು ಇದ್ದಿತು. ವಪೊರೆಟ್ಟೊ ಎಂಬ ಅಲ್ಲಿಯ ಸಾರ್ವಜನಿಕ ದೋಣಿಗೆ 75 ನಿಮಿಷಗಳ ಟಿಕೆಟ್ಟಿನ ಬೆಲೆ 9 ಯೂರೋ 50. ಗುಣಿಸಿದರೆ 855 ರೂಪಾಯಿ, ತೋಟದ ಆಳಿನ ಒಂದು ದಿನದ ಕೂಲಿ. 24 ಗಂಟೆಗಳ ಟಿಕೆಟ್ಟು 25 ಯೂರೋ. ಎರಡನ್ನೂ ಯಜಮಾನರು ನಿರಾಕರಿಸಿದ್ದರು. ನಿಲ್ದಾಣದಿಂದ ಸಂತ ಮಾರ್ಕನ ಚೌಕಕ್ಕೆ ನಡೆದರೆ ಮುಕ್ಕಾಲು ಗಂಟೆಯೊಳಗೆ ಸೇರಬಹುದು. ನಡೆದು ನೋಡಿದ ಊರೇ ನೋಡಿದ ಊರು ಎಂಬುದು ಅವರ ಸಿದ್ಧಾಂತ. ಸಿದ್ಧಾಂತವು ಸುಳ್ಳಲ್ಲ. ಆದರೆ ಅದು ಸೇತುವೆಗಳ ಮೆಟ್ಟಿಲುಗಳನ್ನು ಎಣಿಸಿರಲಿಲ್ಲ. ಮೆಟ್ಟಿಲುಗಳನ್ನು ಅಮ್ಮನವರ ಮೊಣಕಾಲು ಎಣಿಸುತ್ತಿತ್ತು.

ಎರಡನೆಯ ದಿನ ಬೆಳಿಗ್ಗೆ ನಡೆದುಕೊಂಡೇ ಸಾನ್ ಜಕ್ಕರಿಯ ಎಂಬ ಇಗರ್ಜಿಗೆ ಹೋದರು. ಆ ನಗರದ ಹಲವು ಇಗರ್ಜಿಗಳಲ್ಲಿ ಪ್ರವೇಶಶುಲ್ಕವುಂಟು, ಇಲ್ಲಿ ಇಲ್ಲ. ಎಡಗೋಡೆಯ ಮೇಲೆ ಜೊವಾನ್ನಿ ಬೆಲ್ಲಿನಿ 1505ರಲ್ಲಿ ಬರೆದ ಮಹಾಚಿತ್ರವಿದೆ. ಸಿಂಹಾಸನದ ಮೇಲೆ ಮಗುವನ್ನು ಹಿಡಿದ ಮಾತೆ. ಇಕ್ಕೆಲಗಳಲ್ಲಿ ನಾಲ್ವರು ಸಂತರು. ಕೆಂಪು ನಿಲುವಂಗಿಯ ಸಂತನೊಬ್ಬನು ಪುಸ್ತಕದಲ್ಲಿ ಮುಳುಗಿದ್ದಾನೆ. ಸಿಂಹಾಸನದ ಅಡಿಯಲ್ಲಿ ಕುಳಿತ ದೇವದೂತನು ಪಿಟೀಲಿನಂತಹ ವಾದ್ಯವನ್ನು ನುಡಿಸುತ್ತಿದ್ದಾನೆ. ಆದರೆ ಮಂದಿರದ ಒಳಗೆ ಮಬ್ಬುಗತ್ತಲೆ. ಚಿತ್ರದ ಬಳಿ ಒಂದು ಪೆಟ್ಟಿಗೆ. ಅದರ ಸೀಳಿನಲ್ಲಿ ಅರ್ಧ ಯೂರೋವಿನ ನಾಣ್ಯವನ್ನು ಹಾಕಿದರೆ ದೀಪವು ಕೆಲವು ನಿಮಿಷ ಉರಿದು, ಆಮೇಲೆ ತಾನಾಗಿಯೇ ಆರುವುದು. ಯಜಮಾನರು ಪೆಟ್ಟಿಗೆಯನ್ನು ಓದಿ ನೋಡಿದರು. ಆಮೇಲೆ ಒಂದು ಪಕ್ಕಕ್ಕೆ ಸರಿದು ನಿಂತರು. ಜನರು ಬರುತ್ತಲೇ ಇರುವರು. ಯಾರಾದರೊಬ್ಬರು ಹಾಕದೆ ಇರರು. ಉರಿದ ದೀಪವು ಎಲ್ಲರಿಗೂ ಸಮಾನ. ತರ್ಕದಲ್ಲಿ ಏನೂ ದೋಷವಿರಲಿಲ್ಲ.

ಸ್ವಲ್ಪ ಹೊತ್ತಿಗೆ ತರಕಾರಿಯ ಚೀಲವನ್ನು ಹಿಡಿದ ಊರಿನ ಮುದುಕಿಯೊಬ್ಬಳು ಬಂದಳು. ಚಿಕ್ಕ ಚೀಲವನ್ನು ತಡವಿ ನಾಣ್ಯವನ್ನು ತೆಗೆದು ಹಾಕಿದಳು. ಚಿತ್ರವು ಒಮ್ಮೆಗೇ ಬೆಳಗಿತು. ಆಕೆ ನಿಂತು ಶಿಲುಬೆಯ ಗುರುತನ್ನು ಮಾಡಿಕೊಂಡು, ಹಿಂದೆ ಸೀರೆಯುಟ್ಟ ಪರದೇಶದ ಹೆಂಗಸು ನಿಂತಿರುವುದನ್ನು ಕಂಡು, ಎದುರಿನ ಜಾಗವನ್ನು ಆಕೆಗೆ ಬಿಟ್ಟುಕೊಟ್ಟು, ದೀಪವು ಇನ್ನೂ ಉರಿಯುತ್ತಿರುವಾಗಲೇ ಹೊರಟುಹೋದಳು. ಆಕೆಯ ನಾಣ್ಯದ ಬೆಳಕಿನ ಬಹುಭಾಗವನ್ನು ಯಜಮಾನರೇ ನೋಡಿದರು. ಬಳಿಕ ಕಟಕ್ಕೆಂದು ಕತ್ತಲಾಯಿತು.

“ಸ್ವಲ್ಪ ತಾಳು, ಇನ್ನು ಯಾರಾದರೂ ಬರುವರು” ಎಂದರು ಯಜಮಾನರು ಮೆಲ್ಲನೆ.

ಅಮ್ಮನವರು ಉತ್ತರ ಕೊಡಲಿಲ್ಲ. ಕೈಚೀಲದಲ್ಲಿ ಹುಡುಕಿ, ಬೆಳಿಗ್ಗೆ ಕಾಫಿಯ ಚಿಲ್ಲರೆಯಲ್ಲಿ ಬಂದಿದ್ದ ನಾಣ್ಯವನ್ನು ತೆಗೆದು ಪೆಟ್ಟಿಗೆಗೆ ಹಾಕಿದರು. ಚಿತ್ರವು ಮತ್ತೆ ಬೆಳಗಿತು.

“ಊರ ದೇವಸ್ಥಾನಕ್ಕೆ ಹೋದಾಗ ದೀಪಕ್ಕೆ ಒಂದು ಹುಟ್ಟು ಎಣ್ಣೆ ಹಾಕದೆ ದೇವರ ಮುಖ ನೋಡಿದ್ದುಂಟೆ ನಾವು?” ಎಂದು ಮಾತ್ರ ಹೇಳಿ, ದೇವದೂತನ ವಾದ್ಯವನ್ನೇ ನೋಡುತ್ತ ನಿಂತರು.

ಯಜಮಾನರಿಗೆ ಆ ಬಾರಿ ಚಿತ್ರದಲ್ಲಿ ಮನಸ್ಸು ನಿಲ್ಲಲಿಲ್ಲ. ಅರ್ಧ ಯೂರೋ ಎಂದರೆ ನಲವತ್ತೈದು ರೂಪಾಯಿ. ಅಷ್ಟಕ್ಕಾಗಿ ತಾವು ಕತ್ತಲೆಯಲ್ಲಿ ಕಾದು ನಿಂತುದನ್ನು ಊರಿನ ಯಾರಾದರೂ ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದರೆಂದು ಯೋಚಿಸಿದರು. ಪಕ್ಕದಲ್ಲಿದ್ದ ಮುಖವನ್ನು ನೋಡುವ ಧೈರ್ಯವಾಗಲಿಲ್ಲ.

ಇಗರ್ಜಿಯಿಂದ ಹೊರಬಂದು ಮೂರನೆಯ ಸೇತುವೆಯ ನಡುಮೆಟ್ಟಿಲಿನಲ್ಲಿ ಅಮ್ಮನವರ ಕಾಲು ನಿಂತುಹೋಯಿತು. ಅವರು ಗೋಡೆಯನ್ನು ಹಿಡಿದುಕೊಂಡರು. ಹಿಂದಿನಿಂದಲೂ ಮುಂದಿನಿಂದಲೂ ಜನಪ್ರವಾಹ, ಕುಳಿತುಕೊಳ್ಳುವುದಕ್ಕೆ ಎಡೆಯಿಲ್ಲ. ಇಳಿದು, ಹತ್ತಿರದ ಕಡವಿಗೆ ಕುಂಟುತ್ತ ಹೋಗಿ, ಕಡೆಗೂ ವಪೊರೆಟ್ಟೊವಿಗೆ ಎರಡು ಟಿಕೆಟ್ಟುಗಳನ್ನು ಕೊಂಡುದಾಯಿತು. ಆಗಲಾದರೂ 24 ಗಂಟೆಗಳ ಟಿಕೆಟ್ಟನ್ನು ಕೊಳ್ಳಬಹುದಿತ್ತು. ಒಂದೇ ಸಲದ ಪ್ರಯಾಣವೆಂದು ಯಜಮಾನರು ಬಗೆದರು. 1630ರ ಮಹಾಮಾರಿಯ ಹರಕೆಯಿಂದ ಹುಟ್ಟಿದ ಸಲೂತೆ ಇಗರ್ಜಿಯ ಬಳಿ ಇಳಿದು, ನೋಡಿ ಬರುವಷ್ಟರಲ್ಲಿ 75 ನಿಮಿಷಗಳು ಮುಗಿದುವು; ಎರಡನೆಯ ಸಲ ಕೊಂಡರು. ಸಂಜೆ ನಿಲ್ದಾಣಕ್ಕೆ ಮರಳಲು ಮೂರನೆಯ ಸಲ. ರಾತ್ರಿ ಮೆಸ್ತ್ರೆಯ ಕೊಠಡಿಯಲ್ಲಿ ಪುಸ್ತಕವನ್ನು ಬಿಚ್ಚಿ ಕೂಡಿಸಿದರೆ 57 ಯೂರೋ. ದಿನದ ಟಿಕೆಟ್ಟುಗಳಾದರೆ ಇಬ್ಬರಿಗೂ ಸೇರಿ 50. ಮೂವತ್ತಾರು ವರ್ಷ ಲೆಕ್ಕ ಬರೆದ ಕೈಯಲ್ಲಿ 7 ಯೂರೋ ನಷ್ಟ! ಅವರು ಲೇಖನಿಯನ್ನು ಕೆಳಗಿಟ್ಟು ಹಿಂದಿರುಗಿ ನೋಡಿದಾಗ, ಅಮ್ಮನವರು ಮಂಚದ ಅಂಚಿನಲ್ಲಿ ಕುಳಿತು ಬಿಸಿನೀರಿನ ಬಟ್ಟೆಯನ್ನು ಮೊಣಕಾಲಿಗೆ ಒತ್ತಿಕೊಳ್ಳುತ್ತಿದ್ದರು. ಕಾಲು ಊದಿತ್ತು.

“ಯಾವಾಗಿನಿಂದ ನೋಯುತ್ತಿತ್ತು?”

“ನಿನ್ನೆ ಮಧ್ಯಾಹ್ನದಿಂದ.”

“ಹೇಳಬಾರದಾಗಿತ್ತೆ?”

“ಹೇಳಿದ್ದರೆ ನೀವು ಟಿಕೆಟ್ಟು ಕೊಳ್ಳುತ್ತಿದ್ದಿರಿ, ಬಲ್ಲೆ. ಆಮೇಲೆ ದೋಣಿಯಲ್ಲಿ ಕುಳಿತಿರುವಷ್ಟು ಹೊತ್ತೂ ಅದನ್ನು ತೊಂಬತ್ತರಿಂದ ಗುಣಿಸುತ್ತಿದ್ದಿರಿ. ಅದಕ್ಕಿಂತ ನೋವೇ ವಾಸಿಯೆನಿಸಿತು.”

ಈ ಮಾತನ್ನು ಆಕೆ ಕೋಪದಿಂದ ಆಡಲಿಲ್ಲ. ಆದುದರಿಂದಲೇ ಅದಕ್ಕೆ ಉತ್ತರವಿರಲಿಲ್ಲ. ಯಜಮಾನರು ಬಟ್ಟೆಯನ್ನು ತೆಗೆದುಕೊಂಡು, ಪುನಃ ಬಿಸಿನೀರಿನಲ್ಲಿ ಅದ್ದಿ ತಂದುಕೊಟ್ಟು, ಬಹಳ ಹೊತ್ತಿನವರೆಗೆ ಕಿಟಕಿಯ ಬಳಿ ಕುಳಿತಿದ್ದರು.

ಆಗ ಅವರಿಗೆ ದೆಲ್ಲ ವಾಲ್ಲೆಯ ಪತ್ರಗಳಲ್ಲಿಯ ಪ್ರಸಂಗವೊಂದು ನೆನಪಿಗೆ ಬಂದಿತು. ಇಕ್ಕೇರಿಗೆ ಬರುವ ದಾರಿಯಲ್ಲಿ, ಒಂದು ದೇವಸ್ಥಾನದ ಜಗುಲಿಯಲ್ಲಿ, ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಆ ಯಾತ್ರಿಕನು ಕಂಡನು. ಹುಡುಗರು ಪಾಠವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದರು. ನೆಲ ತುಂಬಿದೊಡನೆ ಅಳಿಸಿ, ಹೊಸ ಮರಳನ್ನು ಹರಡಿ ಮತ್ತೆ ಬರೆಯುತ್ತಿದ್ದರು. ಕಾಗದವು ವ್ಯರ್ಥವಾಗದಿರಲೆಂದು ಹೀಗೆ ಮಾಡುವರೆಂಬುದನ್ನು ಆತನು ಮೆಚ್ಚಿಕೆಯಿಂದ ಗುರುತಿಸಿದ್ದಾನೆ. ಯಜಮಾನರು ಈ ಪ್ರಸಂಗವನ್ನು ಸಂಘದ ಕಿರಿಯ ಗುಮಾಸ್ತರಿಗೆ ಎಷ್ಟೋ ಸಲ ಹೇಳಿ, ನಮ್ಮವರು ಅಂದಿನಿಂದಲೂ ಮಿತವ್ಯಯಿಗಳೆಂದು ಕೊಂಡಾಡಿದ್ದರು. ಅಂದು ರಾತ್ರಿ ಮಾತ್ರ ಅದರ ಇನ್ನೊಂದು ಮುಖವು ಅವರಿಗೆ ಕಾಣಿಸಿತು. ಮರಳಿನ ಮೇಲೆ ಬರೆದ ಹುಡುಗರು ಕಾಗದವನ್ನು ಉಳಿಸಿದರು, ಲೆಕ್ಕವನ್ನು ಉಳಿಸಲಿಲ್ಲ. ಕಲಿಯಬೇಕಾದ ಒಂದು ಅಂಕಿಯನ್ನೂ ಕಡಮೆ ಮಾಡಲಿಲ್ಲ. ಆ ಉಳಿತಾಯದಿಂದ ಬಡವಾದವರು ಯಾರೂ ಇರಲಿಲ್ಲ; ಪಕ್ಕದವನ ಕಾಗದದಲ್ಲಿ ಬರೆದು ತನ್ನ ಕಾಗದವನ್ನು ಉಳಿಸಿದವನೂ ಇರಲಿಲ್ಲ.

ಹಾಗಾದರೆ ಉಳಿಸಿದ ಪ್ರತಿಯೊಂದು ನಾಣ್ಯವನ್ನು ಕುರಿತು ಕೇಳಬೇಕಾದ ಪ್ರಶ್ನೆಯು ಒಂದೇ: ಇದನ್ನು ಕೊಟ್ಟವರು ಯಾರು? ನಲ್ಲಿಯ ನೀರನ್ನು ಕುಡಿದು ಉಳಿಸಿದ ಹಣವನ್ನು ಯಾರೂ ಕೊಡಬೇಕಾಗಲಿಲ್ಲ. ನಿಂತು ಕುಡಿದ ಕಾಫಿಯ ಉಳಿತಾಯವನ್ನು ಕೊಟ್ಟದ್ದು ತಮ್ಮದೇ ಡಂಬ. ಅದು ಎಷ್ಟು ಕೊಟ್ಟರೂ ಬಡವಾಗದು. ದೋಣಿಯ ಟಿಕೆಟ್ಟಿನ ಉಳಿತಾಯವನ್ನು ಕೊಟ್ಟದ್ದು ಹೆಂಡತಿಯ ಮೊಣಕಾಲು. ದೀಪದ ಉಳಿತಾಯವನ್ನು ಕೊಟ್ಟದ್ದು ತರಕಾರಿಯ ಚೀಲದ ಮುದುಕಿ. ಐವತ್ತು ಸಾವಿರಕ್ಕೂ ಕಡಮೆಯಾಗಿ ಉಳಿದಿರುವ ಊರಿನವರ ಅಂಗಳದಲ್ಲಿ ನಾಲ್ಕು ದಿನ ನಡೆದಾಡಿ ಏನನ್ನೂ ಬಿಟ್ಟುಹೋಗದಿದ್ದರೆ, ಆ ಉಳಿತಾಯವನ್ನು ಕೊಡುವವರು ಆ ಊರಿನವರು. ತಮ್ಮಿಂದಲೇ ಬಂದ ಉಳಿತಾಯವು ಮಿತವ್ಯಯ. ಕೇಳದೆ ಪರರಿಂದ ಬಂದುದು ಲೋಭ. ಎರಡರ ಅಂಕಿಗಳೂ ಪುಸ್ತಕದ ಒಂದೇ ಸಾಲಿನಲ್ಲಿ ಕೂಡುವುದರಿಂದ ಲೆಕ್ಕ ಬರೆಯುವವನಿಗೆ ಭೇದವು ತೋರದು.

ಮರುದಿನ ಬೆಳಿಗ್ಗೆ ಯಜಮಾನರು ಮೊದಲು ಮಾಡಿದ ಕೆಲಸವೆಂದರೆ 24 ಗಂಟೆಗಳ ಎರಡು ಟಿಕೆಟ್ಟುಗಳನ್ನು ಕೊಂಡುದು. ಒಂದನೆಯ ನಂಬರಿನ ದೋಣಿಯು ಮಹಾನಾಲೆಯಲ್ಲಿ ಬಹುಮಟ್ಟಿಗೆ ಎಲ್ಲ ಕಡವುಗಳಲ್ಲಿಯೂ ನಿಂತು ಸಾವಕಾಶವಾಗಿ ಸಾಗುತ್ತದೆ. ಅವಸರವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ನಗರದರ್ಶನವಿಲ್ಲ. ಅಮ್ಮನವರು ಕಾಲು ನೀಡಿ ಕುಳಿತು ಎರಡು ದಡಗಳ ಅರಮನೆಗಳನ್ನೂ ನೋಡಿದರು. ಅದೇ ಟಿಕೆಟ್ಟಿನಲ್ಲಿ ಬುರಾನೊ ಎಂಬ ದೂರದ ದ್ವೀಪಕ್ಕೆ ಹೋಗಿ, ಬಣ್ಣಬಣ್ಣದ ಬೆಸ್ತರ ಮನೆಗಳನ್ನೂ ಕಸೂತಿಯ ಲೇಸನ್ನೂ ಕಂಡು ಬಂದುದಾಯಿತು. ದುಬಾರಿಯೆಂದು ತೋರಿದ ಟಿಕೆಟ್ಟೇ ಎಲ್ಲಕ್ಕಿಂತ ಅಗ್ಗವಾಗಿ ಪರಿಣಮಿಸಿತು. ಯಜಮಾನರು ಅಂದು ಗುಣಿಸಲಿಲ್ಲ. ಗುಣಿಸದಿರುವುದಕ್ಕೆ ಪಟ್ಟ ಪ್ರಯತ್ನವು ಅವರ ಮುಖದಲ್ಲಿ ಕಾಣುತ್ತಿದ್ದುದರಿಂದ ಅಮ್ಮನವರಿಗೆ ಆಗಾಗ ನಗು ಬರುತ್ತಿತ್ತು.

ಕೊನೆಯ ದಿನ ಯಜಮಾನರು ಗೊಂಡೊಲದ ಕಟ್ಟೆಯ ಬಳಿ ನಿಂತು, “ಹತ್ತೋಣವೆ? ಮತ್ತೆ ಬರುವ ಕಾಲವಲ್ಲ” ಎಂದರು. ಪ್ರಾಯಶ್ಚಿತ್ತದ ಧ್ವನಿಯನ್ನು ಆಕೆ ಗುರುತಿಸಿದರು.

“ಅದು ದಡದಲ್ಲಿ ನಿಂತವರಿಗೇ ಚೆಂದ. ಎರಡು ನಿಮಿಷ ನಿಂತು ದಾಟಿದ್ದೇ ಸಾಕು. ನನಗೆ ಒಂದು ಕಡೆ ಕುಳಿತುಕೊಳ್ಳಬೇಕು.”

ಹೀಗೆ ಅವರು ಸಂತ ಮಾರ್ಕನ ಚೌಕದಲ್ಲಿ, ನೆರಳಿನ ಕುರ್ಚಿಗಳಲ್ಲಿ ಕುಳಿತರು. ವಾದ್ಯಗಾರರು ನುಡಿಸಿದರು, ಪಾರಿವಾಳಗಳು ಬಂದುವು, ಅವಕ್ಕೆ ಕಾಳು ಹಾಕುವುದು 2008ರಿಂದ ನಿಷಿದ್ಧವಾದುದರಿಂದ ಹಾಗೆಯೇ ಹೋದುವು. ಎರಡು ಬಟ್ಟಲು ಕಾಫಿಗೆ, ಸಂಗೀತವೂ ಸೇರಿ, ಮೂವತ್ತಕ್ಕೆ ಮೇಲ್ಪಟ್ಟ ಯೂರೋಗಳ ಲೆಕ್ಕ ಬಂದಿತು. ಅಮ್ಮನವರು ಒಂದು ಗಂಟೆಯ ಮೇಲೆ ಕುಳಿತಿದ್ದು, ಕಾಲು ಹಗುರವಾಯಿತೆಂದು ತಾವಾಗಿಯೇ ಎದ್ದರು. ಹೊರಡುವ ಮುನ್ನ, ದೋಣಿಯ ಟಿಕೆಟ್ಟಿನ ಅವಧಿಯಲ್ಲಿ ಇನ್ನೂ ಅರ್ಧ ಗಂಟೆ ಉಳಿದಿದ್ದರೂ, ಯಜಮಾನರು ಹತ್ತಿರದಲ್ಲಿಯೇ ಇದ್ದ ಸಾನ್ ಜಕ್ಕರಿಯಕ್ಕೆ ಒಬ್ಬರೇ ಹೋಗಿಬಂದರು. ಅಲ್ಲಿ ಏನು ಮಾಡಿದರೆಂದು ಅವರು ಹೇಳಲಿಲ್ಲ. ಆಕೆ ಕೇಳಲೂ ಇಲ್ಲ.

ಮ್ಯೂನಿಕ್ಕಿಗೆ ಮರಳಿದ ಮೇಲೆ ಲಕೋಟೆಯಲ್ಲಿ 158 ಯೂರೋಗಳು ಉಳಿದಿದ್ದುವು. ಸಂಕಲ್ಪ ಮಾಡಿದ್ದರ ಅರ್ಧಕ್ಕೆ ಸ್ವಲ್ಪ ಹೆಚ್ಚು. ಮಗಳು ಅದನ್ನು ತೆಗೆದುಕೊಳ್ಳಲೊಲ್ಲದೆ, ತಂದೆಯ ಪುಸ್ತಕವನ್ನು ಹಾಸ್ಯಕ್ಕೆಂದು ತಿರುವಿಹಾಕಿದಳು. ವಾಸ, ಸಂಚಾರ, ಆಹಾರ, ದರ್ಶನ ಎಂಬ ನಾಲ್ಕು ಬಾಬುಗಳ ಕೆಳಗೆ ಕೊನೆಯ ಪುಟದಲ್ಲಿ ಐದನೆಯದೊಂದು ಸೇರಿತ್ತು: ‘ದೀಪದ ಎಣ್ಣೆ’. ಅದರ ಮುಂದೆ 5 ಯೂರೋ 50 ಎಂದು ಬರೆದಿತ್ತು.

“ಇದೇನಪ್ಪ, ವೆನಿಸಿನಲ್ಲಿ ಎಣ್ಣೆ?” ಎಂದು ಅವಳು ಕೇಳಿದಳು.

ಯಜಮಾನರು ಕನ್ನಡಕವನ್ನು ಒರೆಸತೊಡಗಿದರು. ಅಮ್ಮನವರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು: ತಾವು ಹಾಕಿದ ಅರ್ಧವನ್ನು ಕಳೆದರೆ, ಉಳಿದದ್ದು ಹತ್ತು ನಾಣ್ಯ. ಬಳಿಕ ಮಗಳ ಕೈಯಿಂದ ಪುಸ್ತಕವನ್ನು ತೆಗೆದುಕೊಂಡು, “ಅದು ಸರಿಯಾಗಿಯೇ ಇದೆ, ಬಿಡು” ಎಂದು ಮುಚ್ಚಿಟ್ಟರು.